ಅಳಿಗುಳಿ ಮಣೆಗೆ ಮೂರು ತಲೆಯ ಯಂತ್ರವೋ, ಬಿಡಿ ಉಪಕರಣಗಳೋ?

ಅಳಿಗುಳಿ ಮಣೆಗೆ ಹದಿನಾಲ್ಕು ಗುಳಿ ಬೇಕು. ಗುಳಿಗಳ ಸುತ್ತ ಒಂದಿಷ್ಟು ಚಿತ್ತಾರವಿದ್ದರೆ ಚೆನ್ನ, ಹುಣಸೆ ಬೀಜ ತುಂಬಿಡಲು ಡಬ್ಬಿಯೂ ಇರಬೇಕು. ಕೊರೆಯುವುದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೊರೆಯಂತ್ರ) ಕೆಲಸ, ಚಿತ್ತಾರ ಲೇಸರ್‌ನದು, ಡಬ್ಬಿ ತ್ರೀಡಿ ಪ್ರಿಂಟರ್‌ನದು. ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿರುವುದು ಒಂದೇ ಮೇಜು. ಹಾಗಾಗಿ, ತಲೆ ಬದಲಿಸಿದರೆ ಮೂರೂ ಕೆಲಸ ಮಾಡುವ ಯಂತ್ರವೊಂದಕ್ಕೆ ಒಂದೂಕಾಲು ಲಕ್ಷ ಸುರಿದೆ. ಆರು ತಿಂಗಳ ಬಳಿಕ ಅದೇ ಮಣೆಯನ್ನು ಬಿಡಿ ಉಪಕರಣಗಳಿಂದಲೂ ಮಾಡಿ ನೋಡಿದೆ: 28,000 ರೂಪಾಯಿಯ ಪ್ರಿಂಟರ್, ಬಡಗಿಗಳು ಮರ ಕೊರೆಯಲು ಕೈಯಲ್ಲಿ ಹಿಡಿಯುವ 4,000 ರೂಪಾಯಿಯ ಟ್ರಿಮ್ಮರ್, ಗೆಳೆಯನಿಂದ ತಿಂಗಳ ಮಟ್ಟಿಗೆ ಎರವಲು ತಂದ ಲೇಸರ್.

ಮೊದಲು ಗುಳಿ. ಯಂತ್ರದ ಕೊರೆಯುವ ಮೋಟಾರು 50 ವ್ಯಾಟ್‌ನದು. ಹಲಸಿನ ಹಲಗೆಯಲ್ಲಿ ಒಂದು ಸಲಕ್ಕೆ ಅರ್ಧ ಮಿಲಿಮೀಟರ್‌ಗಿಂತ ಆಳಕ್ಕಿಳಿಸಿದರೆ ತೋಳು ನಡುಗಿ ಗುಳಿಯ ಗೋಡೆಯಲ್ಲಿ ಬಳೆಯಂಥ ಗೆರೆಗಳು ಮೂಡುತ್ತಿದ್ದವು. ನಿಧಾನಿಸಿದೆ. ಒಂದು ಗುಳಿಗೆ 35 ನಿಮಿಷ, ಹದಿನಾಲ್ಕಕ್ಕೆ ಎಂಟು ಗಂಟೆಯ ಮೇಲೆ. ಅದೂ ಸಾಲದೆಂಬಂತೆ ಕೊರೆಯುವ ಜಾಗ 230 ಮಿಲಿಮೀಟರ್, ಏಳು ಗುಳಿಗಳ ಸಾಲಿಗೆ ಬೇಕಾದದ್ದು 290. ಹಲಗೆಯನ್ನು ಸರಿಸಿ ಮತ್ತೆ ಬಿಗಿಯಬೇಕು. ಮೊದಲ ಮಣೆಯಲ್ಲಿ ಐದನೆಯ ಗುಳಿಯಿಂದಾಚೆಗಿನವೆಲ್ಲ ಒಂದೂವರೆ ಮಿಲಿಮೀಟರ್ ಪಕ್ಕಕ್ಕೆ ಜಾರಿದವು. ಅಜ್ಜಿಯ ಕಾಲದ ಮಣೆಯಲ್ಲಿ ಗುಳಿ ಸೊಟ್ಟಗಿದ್ದರೆ ಅದೇ ಅಂದ. ಯಂತ್ರದ ಸೊಟ್ಟು ಮಾತ್ರ ಕಣ್ಣಿಗೆ ಚುಚ್ಚುತ್ತದೆ.

ತಯಾರಕರ ಸೋಮಾರಿತನ ಎಂದು ದೂರುವಂತಿಲ್ಲ. ಪ್ರಿಂಟರ್‌ಗೆ ಹಗುರಾದ, ಚುರುಕಾಗಿ ಓಡುವ ತಲೆ ಬೇಕು. ಮರ ಕೊರೆಯಲು ಭಾರವಾದ, ಅಲುಗಾಡದ ಚೌಕಟ್ಟು ಬೇಕು. ಲೇಸರ್ ಯಾವುದನ್ನೂ ತಳ್ಳುವುದೇ ಇಲ್ಲ, ಅದಕ್ಕೆ ಬೇಕಾದದ್ದು ಹೊಗೆ ಹೋಗುವ ದಾರಿ. ಒಂದೇ ಮೈಯಲ್ಲಿ ಮೂವರನ್ನೂ ಒಗ್ಗಿಸಲು ಹೋದರೆ ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ಟ್ರಿಮ್ಮರ್ ಕಥೆ ನನಗೇ ನಾಚಿಕೆ ತರಿಸಿತು. ಹೊಸ ಪ್ರಿಂಟರ್‌ನಲ್ಲಿ ದುಂಡು ತೂತುಗಳ ಅಚ್ಚು ಮುದ್ರಿಸಿ, ಎರಡು ಬದಿಯ ಅಂಟುಪಟ್ಟಿಯಿಂದ ಹಲಗೆಗೆ ಕೂರಿಸಿ, ಗೈಡ್ ಬುಶ್ (ಅಚ್ಚಿನ ಅಂಚಿಗೆ ಒರಗಿ ಸಾಗುವ ಬಳೆ) ಹಾಕಿದ ಟ್ರಿಮ್ಮರನ್ನು ಒಳಗಂಚಿನಲ್ಲಿ ತಿರುಗಿಸಿದೆ. ಗುಳಿಗೆ ಮೂರು ನಿಮಿಷ. ಗದ್ದಲ ವಿಪರೀತ, ಕಿವಿಗೆ ಮುಚ್ಚಳ ಬೇಕೇ ಬೇಕು, ಕೈ ತಪ್ಪಿದರೆ ಹಲಗೆ ಹಾಳು. ಆದರೂ ಮಧ್ಯಾಹ್ನದ ಊಟಕ್ಕೆ ಮುಂಚೆ ಹದಿನಾಲ್ಕೂ ಮುಗಿದಿದ್ದವು.

ತಲೆ ಬದಲಿಸಲು ಕೈಪಿಡಿಯ ಲೆಕ್ಕ ಹತ್ತು ನಿಮಿಷ. ಕೈಪಿಡಿ ಬರೆದವರು ಹಲಸಿನ ಪುಡಿ ನೋಡಿರಲಿಕ್ಕಿಲ್ಲ. ಅರಿಸಿನದಂಥ ಆ ಹಳದಿ ಧೂಳು ಕಂಬಿಗಳಿಗೆಲ್ಲ ಮೆತ್ತಿಕೊಳ್ಳುತ್ತದೆ; ಗುಡಿಸಿ, ಒರೆಸಿ, ಮಟ್ಟ ನೋಡುವಷ್ಟರಲ್ಲಿ ಒಂದು ಗಂಟೆ. ಒಮ್ಮೆ ಅವಸರದಲ್ಲಿ ಒರೆಸಿ ರಾತ್ರಿ ಡಬ್ಬಿ ಮುದ್ರಿಸಲು ಬಿಟ್ಟೆ. ಮೊದಲ ಪದರವೇ ಅಂಟದೆ, ಬೆಳಿಗ್ಗೆ ನೋಡಿದರೆ ಡಬ್ಬಿಯ ಜಾಗದಲ್ಲಿ ಶಾವಿಗೆ ಗುಡ್ಡೆ. ಸರಿಯಾಗಿ ನಡೆದ ದಿನವೂ ಅದೇ ಡಬ್ಬಿಗೆ ನಾಲ್ಕೂವರೆ ಗಂಟೆ ಹಿಡಿಯುತ್ತಿತ್ತು. ಬಿಡಿ ಪ್ರಿಂಟರ್ ಒಂದೂವರೆ ಗಂಟೆಯಲ್ಲಿ ಮುಗಿಸಿತು. ಇಲ್ಲಿ ಹೋಲಿಕೆ ಬೆಳೆಸುವುದರಲ್ಲಿ ಅರ್ಥವಿಲ್ಲ.

ಲೇಸರ್‌ನಲ್ಲಿ ಮಾತ್ರ ತಕ್ಕಡಿ ಇನ್ನೊಂದು ಕಡೆ ವಾಲಿತು. ಎರಡೂ 10 ವ್ಯಾಟ್‌ನ ನೀಲಿ ಡಯೋಡ್ ಲೇಸರ್‌ಗಳೇ. ಹಲಸಿನ ಹಳದಿಯ ಮೇಲೆ ಕಪ್ಪು ಗೆರೆ ಎರಡರಲ್ಲೂ ಒಂದೇ ಅಂದ. ಪಾರದರ್ಶಕ ಅಕ್ರಿಲಿಕ್ ಹಾಳೆಯನ್ನು ಎರಡೂ ಕತ್ತರಿಸವು, ನೀಲಿ ಬೆಳಕು ಅದರೊಳಗಿಂದ ಸುಮ್ಮನೆ ಹಾದುಹೋಗುತ್ತದೆ. ಆದರೆ ಎರವಲು ಲೇಸರ್‌ಗೆ ಮುಚ್ಚಿಗೆಯಿಲ್ಲ. ನಾನೇನೋ ಕನ್ನಡಕ ಹಾಕಿಕೊಂಡೆ. ಬಾಗಿಲು ತೆರೆದು ಓಡಿಬರುವ ಮಗಳಿಗೆ ಯಾರು ಹಾಕಬೇಕು? ಹೊಗೆಗೆ ಪಕ್ಕದ ಮನೆಯವರು ಎರಡು ಸಲ ಬಂದು ವಿಚಾರಿಸಿದರು. ಮೂರು ತಲೆಯ ಯಂತ್ರಕ್ಕೆ ಲೇಸರ್ ಬೆಳಕು ತಡೆಯುವ ಗಾಜಿನ ಗೂಡಿದೆ, ಬಾಗಿಲು ತೆರೆದರೆ ಕಿರಣ ನಿಲ್ಲುತ್ತದೆ, ಹೊಗೆ ಕೊಳವೆಯಲ್ಲಿ ಕಿಟಕಿಯಾಚೆ ಹೋಗುತ್ತದೆ. ಇನ್ನೊಂದು ಸುಖವೂ ಉಂಟು: ಅಲ್ಲೇ ಕೊರೆದ ಹಲಗೆಯನ್ನು ಕದಲಿಸದೆ ತಲೆ ಮಾತ್ರ ಬದಲಿಸಿದರೆ, ಗುಳಿಯ ಸುತ್ತಲಿನ ಎಸಳುಗಳು ಕೂದಲೆಳೆಯಷ್ಟೂ ತಪ್ಪದೆ ಕೂರುತ್ತವೆ. ಟ್ರಿಮ್ಮರ್‌ನಲ್ಲಿ ಕೊರೆದ ಹಲಗೆಗೆ ಆ ನಿಖರತೆ ಬರಲು ಮೂಲೆಗೆ ಒತ್ತಿ ಹಿಡಿಯುವ ಪಟ್ಟಿಯೊಂದನ್ನು ಮುದ್ರಿಸಿಕೊಳ್ಳಬೇಕಾಯಿತು.

ಗೆಳೆಯನ ಲೇಸರನ್ನು ಹಿಂದಿರುಗಿಸಿದೆ. ಈಗ ಮೇಜಿನ ಒಂದು ತುದಿಯಲ್ಲಿ ಪ್ರಿಂಟರ್ ಇದೆ, ಟ್ರಿಮ್ಮರ್ ತಾರಸಿಗೆ ಹೋಗಿದೆ. ಒಂದೂಕಾಲು ಲಕ್ಷದ ಯಂತ್ರ ಚಿತ್ತಾರ ಬಿಡಿಸುವುದೊಂದನ್ನೇ ಮಾಡುತ್ತಿದೆ. ಅದರ ಕೊರೆಯುವ ತಲೆಯನ್ನು ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮುದ್ರಣದ ತಟ್ಟೆಯ ಮೇಲೆ ಹುಣಸೆ ಬೀಜ ಒಣಗುತ್ತಿವೆ.