ಮಾತ್ರೆ ಎಣಿಸುವ ಯಂತ್ರ: ಏಳು ವರ್ಷ ಬಳಸಿದ ಮೇಲೆ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಸಣ್ಣ ಆಸ್ಪತ್ರೆಯ ಫಾರ್ಮಸಿಯಲ್ಲಿದ್ದೇನೆ. 2018ರಲ್ಲಿ ನಮ್ಮಲ್ಲಿಗೆ ಮಾತ್ರೆ ಎಣಿಸುವ ಯಂತ್ರ ಬಂತು. ತರಿಸಲೇಬೇಕು ಅಂತ ಹಟ ಹಿಡಿದವಳು ನಾನೇ. ಅದಕ್ಕೆ ಕಾರಣ ಒಬ್ಬ ತಾಯಿ.

ಅವರು ಪೆರ್ಲದ ಕಡೆಯವರು. ಮಗನಿಗೆ ಫಿಟ್ಸ್. ದಿನಕ್ಕೆ ಮೂರು ಫೆನಿಟಾಯಿನ್ ಮಾತ್ರೆ, ತಿಂಗಳಿಗೆ 90. ಒಂದು ದಿನ ಜೋರು ಮಳೆಯಲ್ಲಿ ಬಸ್ಸಿಳಿದು ಬಂದರು. "ಅಕ್ಕಾ, ಈ ಸಲ ಒಂದು ದಿನ ಮೊದಲೇ ಮುಗಿಯಿತು. ನಾನೇ ಎಲ್ಲೋ ಬೀಳಿಸಿದೆನೋ ಏನೋ" ಎಂದರು. ಅವರು ಬೀಳಿಸಿರಲಿಲ್ಲ. ನಾವು ಮಾತ್ರೆ ಎಣಿಸಿ ಕೊಡುವ ದೊಡ್ಡ ಡಬ್ಬಿಯ ಲೆಕ್ಕ ನೋಡಿದರೆ ಮೂರು ಮಾತ್ರೆ ಜಾಸ್ತಿ ಉಳಿದಿತ್ತು. ಕಡಮೆ ಎಣಿಸಿದ್ದು ನಾನು. ಐದೈದಾಗಿ ಸರಿಸುತ್ತಿರುವಾಗ ಕಿಟಕಿಯಲ್ಲಿ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ. ಆದರೆ ಫಿಟ್ಸ್ ಮದ್ದು ಒಮ್ಮೆಲೇ ನಿಂತರೆ ಅಪಾಯ. ಅವರು ನನಗೆ ಬೈದಿದ್ದರೂ ಪರವಾಗಿರಲಿಲ್ಲ, ತಮ್ಮದೇ ತಪ್ಪು ಅಂದುಕೊಂಡರಲ್ಲ, ಅದನ್ನು ತಡೆಯಲು ಆಗಲಿಲ್ಲ.

ನಮ್ಮದು ಮೇಜಿನ ಮೇಲೆ ಇಡುವ ಯಂತ್ರ. ಆಗಿನ ಬೆಲೆ ಹೆಚ್ಚುಕಡಮೆ ಒಂದು ಸ್ಕೂಟರಿನಷ್ಟು. ಬಟ್ಟಲಿಗೆ ಮಾತ್ರೆ ಸುರಿದು ಬೇಕಾದ ಸಂಖ್ಯೆ ಒತ್ತಬೇಕು. ಬಟ್ಟಲು ಅದುರುತ್ತದೆ, ಮಾತ್ರೆಗಳು ಸಾಲು ಹಿಡಿದು ಒಂದೊಂದೇ ಕೆಳಗೆ ಬೀಳುತ್ತವೆ. ಬೀಳುವ ದಾರಿಗೆ ಅಡ್ಡವಾಗಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಇದೆ. ಮಾತ್ರೆ ಆ ಬೆಳಕನ್ನು ತಡೆದಾಗೆಲ್ಲ ಲೆಕ್ಕ ಒಂದು ಏರುತ್ತದೆ. 90 ಮಾತ್ರೆಗೆ ಅರ್ಧ ನಿಮಿಷವೂ ಬೇಡ. ಮಧ್ಯದಲ್ಲಿ ಯಾರು ಮಾತಾಡಿಸಿದರೂ ಅದು ಲೆಕ್ಕ ಬಿಡುವುದಿಲ್ಲ.

ಯಂತ್ರ ಎಣಿಸುವುದು ನೆರಳನ್ನು, ಮದ್ದನ್ನಲ್ಲ. ಇದು ಗೊತ್ತಿದ್ದರೆ ಎಲ್ಲಿ ತಪ್ಪುತ್ತದೆ ಅಂತಲೂ ಗೊತ್ತಾಗುತ್ತದೆ. ತುಂಡಾದ ಅರ್ಧ ಮಾತ್ರೆಯನ್ನೂ ನಮ್ಮ ಯಂತ್ರ ಒಂದು ಅಂತಲೇ ಎಣಿಸುತ್ತದೆ. ಆಟಿ ತಿಂಗಳ ಮಳೆಯಲ್ಲಿ ಸಕ್ಕರೆ ಲೇಪದ ಮಾತ್ರೆಗಳು ಅಂಟಿಕೊಳ್ಳುತ್ತವೆ. ಆಗ ಎರಡು ಬಿದ್ದರೂ ಲೆಕ್ಕ ಒಂದೇ. ಬೆಳಕು ದಾಟಿಹೋಗುವ ಮೆತ್ತನೆಯ ಕ್ಯಾಪ್ಸೂಲ್‌ಗಳನ್ನು ನಾನು ಹಾಕುವುದೇ ಇಲ್ಲ. ಮತ್ತೆ, ಬಿಳಿ ಗುಂಡು ಮಾತ್ರೆ ಎಷ್ಟು ಬಗೆ ಇದೆ! ಯಾವ ಡಬ್ಬಿಯದ್ದು ಅಂತ ಅದಕ್ಕೆ ತಿಳಿಯದು. ಹಾಗಾಗಿ ಕವರಿನ ಪಕ್ಕದಲ್ಲೇ ಡಬ್ಬಿ ಇಡುತ್ತೇವೆ. ಇನ್ನೊಬ್ಬರು ಚೀಟಿ, ಡಬ್ಬಿ, ಕವರು ಮೂರನ್ನೂ ನೋಡಿದ ಮೇಲೆಯೇ ಡಬ್ಬಿ ಕಪಾಟಿಗೆ ಹೋಗುವುದು.

ದೊಡ್ಡ ತೊಂದರೆ ಪುಡಿಯದ್ದು. ಲೇಪ ಇಲ್ಲದ ಮಾತ್ರೆ ಅದುರುವಾಗ ಪುಡಿ ಉದುರುತ್ತದೆ. ಅದು ಸೆನ್ಸರಿನ ಗಾಜಿಗೆ ಕೂರುತ್ತದೆ, ತೇವಕ್ಕೆ ಅಲ್ಲೇ ಗಟ್ಟಿಯಾಗುತ್ತದೆ. 2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತ್ತು. ಮಂಗಳೂರಿನಿಂದ ರಿಪೇರಿಯವರು ಬರುವಂತಿರಲಿಲ್ಲ. ಆಗಲೇ ನಮ್ಮ ಯಂತ್ರ ತಪ್ಪು ಲೆಕ್ಕ ತೋರಿಸಲು ಶುರು ಮಾಡಿತು. ಫೋನಿನಲ್ಲೇ ಕೇಳಿ ಕೇಳಿ ನಾನೇ ಬಿಚ್ಚಿದೆ. ಮೆತ್ತನೆಯ ಬ್ರಶ್ಶಿನಲ್ಲಿ ಪುಡಿ ತೆಗೆದು, ಸ್ಪಿರಿಟ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಟ್ಟೆ. ಲೆಕ್ಕ ಸರಿ ಬಂತು. ಅಂದಿನಿಂದ ದಿನಾ ಸಂಜೆ ಇದೇ ಕೆಲಸ. ಬೆಳಿಗ್ಗೆ ಕೈಯಲ್ಲಿ ಎಣಿಸಿದ 50 ಮಾತ್ರೆಯನ್ನು ಮೂರು ಸಲ ಓಡಿಸಿ ನೋಡುತ್ತೇವೆ. ಮೂರು ಸಲವೂ 50 ಬರದಿದ್ದರೆ ಆ ದಿನ ಯಂತ್ರ ಮುಟ್ಟುವುದಿಲ್ಲ.

ಪುಡಿಯಿಂದ ಲೆಕ್ಕ ಮಾತ್ರ ಕೆಡುವುದಲ್ಲ. ಒಂದು ಮದ್ದಿನ ಪುಡಿ ಮುಂದಿನವರ ಕವರಿಗೆ ಹೋಗುತ್ತದೆ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಸ್ವಲ್ಪ ತಾಗಿದರೂ ಕಷ್ಟ. ಹಾಗಾಗಿ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಮದ್ದಿಗೆ ನಮ್ಮಲ್ಲಿ ಬೇರೆಯೇ ತಟ್ಟೆ ಇದೆ. ಕ್ಯಾನ್ಸರಿಗೆ, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್‌ನಂಥ ಮದ್ದನ್ನಂತೂ ಯಂತ್ರಕ್ಕೆ ಹಾಕಲೇಬಾರದು, ಅದರ ಪುಡಿ ಎಣಿಸುವವರಿಗೂ ಒಳ್ಳೆಯದಲ್ಲ. ಥೈರಾಕ್ಸಿನ್‌ಗೆ ಬೆಳಕು, ತೇವ ಎರಡೂ ಆಗುವುದಿಲ್ಲ. ಅದನ್ನು ಕಂಪನಿಯ ಬಾಟಲಿಯಲ್ಲೇ ಕೊಡುತ್ತೇನೆ.

ಕರೆಂಟ್ ಹೋದರೆ ಹಳೆಯ ತ್ರಿಕೋನದ ತಟ್ಟೆ ಇದೆ. ಒಂದೇ ಗಾತ್ರದ ದುಂಡು ಮಾತ್ರೆಗಳು ಅದರಲ್ಲಿ ಒಂದು, ಎರಡು, ಮೂರು ಅಂತ ಸಾಲಾಗಿ ಕೂರುತ್ತವೆ. ಹತ್ತು ಸಾಲು ತುಂಬಿದರೆ 55. ಹದಿಮೂರು ಸಾಲಿಗೆ 91. ಒಂದು ತೆಗೆದರೆ ತಿಂಗಳ 90 ಆಯಿತು. ಎಷ್ಟು ಚಂದದ ಲೆಕ್ಕ ಅಲ್ವಾ? ಇದನ್ನು ನಮ್ಮಲ್ಲಿ ಕಲಿಯಲು ಬರುವ ಮಕ್ಕಳಿಗೆಲ್ಲ ಮೊದಲು ಹೇಳಿಕೊಡುತ್ತೇನೆ.

ಹಾಗಾದರೆ ಯಂತ್ರ ಕೊಳ್ಳಬಹುದಾ? ಕುಂಬಳೆಯಲ್ಲೋ ಉಪ್ಪಳದಲ್ಲೋ ಸಾಮಾನ್ಯ ಮೆಡಿಕಲ್ ಅಂಗಡಿ ಇಟ್ಟವರಿಗೆ ಬೇಡ. ನಮ್ಮ ದೇಶದಲ್ಲಿ ಹೆಚ್ಚಿನ ಮದ್ದು ಬರುವುದೇ ಸ್ಟ್ರಿಪ್ಪಿನಲ್ಲಿ. ಯಂತ್ರ ಇದೆ ಅಂತ ಸ್ಟ್ರಿಪ್ ಬಿಡಿಸಿ ಎಣಿಸುವುದು ಇನ್ನೂ ತಪ್ಪು. ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಕು ಎಲ್ಲ ಹೋಗಿಬಿಡುತ್ತದೆ. ಸಾವಿರ ಮಾತ್ರೆಯ ಡಬ್ಬಿಗಳಿಂದ ತಿಂಗಳ ಮದ್ದು ಕೊಡುವ ಆಸ್ಪತ್ರೆಗಳು, ಗುಣವಾಗದ ಕಾಯಿಲೆಯವರ ಆರೈಕೆ ಮಾಡುವ ಪ್ಯಾಲಿಯೇಟಿವ್ ಕೇಂದ್ರಗಳು ಧೈರ್ಯವಾಗಿ ತೆಗೆದುಕೊಳ್ಳಿ. ಅದರಿಂದ ಉಳಿದ ಹೊತ್ತು ನನಗೆ ಕವರಿನ ಮೇಲೆ ಬರೆಯಲು ಸಿಕ್ಕಿದೆ. ಕನ್ನಡದಲ್ಲಿ, ಮಲಯಾಳದಲ್ಲಿ ಬರೆಯುತ್ತೇನೆ. ಓದಲು ಬಾರದವರಿಗೆ ಬೆಳಗ್ಗಿನದ್ದಕ್ಕೆ ಸೂರ್ಯ, ರಾತ್ರಿಯದ್ದಕ್ಕೆ ಚಂದ್ರ.

ಪೆರ್ಲದ ಆ ತಾಯಿ ಈಗಲೂ ಬರುತ್ತಾರೆ. ಯಂತ್ರ ಎಣಿಸಿದ್ದನ್ನು ತಟ್ಟೆಗೆ ಸುರಿದು ಅವರ ಮುಂದೆ ಇಡುತ್ತೇನೆ. ಅವರು ತುಳುವಿನಲ್ಲಿ ಐದೈದಾಗಿ ಎಣಿಸಿ, ತಾವೇ ಕವರಿಗೆ ತುಂಬಿಕೊಳ್ಳುತ್ತಾರೆ.