ಸ್ಟಿಕ್ಕರ್ ಮೇಲೆ 1.7 ಆಂಪಿಯರ್, ಒಳಗೆ 0.4: ಸ್ಟೆಪ್ಪರ್ ಮೋಟಾರ್ ಕೊಳ್ಳುವವರೇ, ಮೊದಲು ಓಮ್ ಅಳೆಯಿರಿ

ನೆಮಾ 17 ಸ್ಟೆಪ್ಪರ್ ಮೋಟಾರ್, ಅಂದರೆ ಒಂದೊಂದೇ ಸಣ್ಣ ಹೆಜ್ಜೆಯಾಗಿ (ಸ್ಟೆಪ್) ತಿರುಗುವ ಮೋಟಾರ್, ತರಿಸುತ್ತಿದ್ದೀರಾ? ಪಾರ್ಸೆಲ್ ಬಿಚ್ಚಿದ ಕೂಡಲೇ ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ. ಪುಲ್ಲಿ ಬಿಗಿಯುವ ಮೊದಲು, ಕನೆಕ್ಟರ್ ಹಾಕುವ ಮೊದಲು, ಮಾರಿದವನಿಗೆ 'ತಲುಪಿತು, ಥ್ಯಾಂಕ್ಸ್' ಅನ್ನುವ ಮೊದಲು. ನಾನು ಅಳೆಯಲಿಲ್ಲ, ಸ್ಟಿಕ್ಕರ್ ನಂಬಿದೆ.

ಕೇಳಿದ್ದು ಇಷ್ಟು: ಸ್ಟೆಪ್‌ಗೆ 1.8 ಡಿಗ್ರಿ, ಫೇಸಿಗೆ (ಒಳಗಿನ ಒಂದೊಂದು ಕಾಯಿಲ್‌ಗೆ, ಅಂದರೆ ತಂತಿ ಸುರುಳಿಗೆ) 1.7 ಆಂಪಿಯರ್, ಕಾಯಿಲ್ ರೆಸಿಸ್ಟೆನ್ಸ್ 1.5 ಓಮ್, ನಾಲ್ಕು ವೈರ್. ಎರಡು ಮೋಟಾರ್, ತ್ರೀಡಿ ಪ್ರಿಂಟರಿನ ಎಕ್ಸ್ ದಿಕ್ಕಿಗೊಂದು, ವೈ ದಿಕ್ಕಿಗೊಂದು. ಬಂದವುಗಳ ಮೇಲೂ 1.7 ಎಂದೇ ಇತ್ತು. ಮುಖ 42 ಮಿಮೀ ಚೌಕ, ತೂತಿನಿಂದ ತೂತಿಗೆ 31 ಮಿಮೀ, ಎಂ3 ಸ್ಕ್ರೂ ಸಲೀಸಾಗಿ ಕೂತವು. ಕೂರದೆ ಇನ್ನೇನು? ನೆಮಾ 17 ಅಂದರೆ ಮುಖದ ಅಳತೆ 1.7 ಇಂಚು, ಅಷ್ಟೇ. ಒಳಗಿನ ವೈಂಡಿಂಗ್ ಎಂಥದ್ದು, ಬಲ ಎಷ್ಟು, ಆ ಹೆಸರಿನಲ್ಲಿ ಒಂದೂ ಇಲ್ಲ. ಇವರು ಆಟ ಆಡುವುದೇ ಇಲ್ಲಿ.

ಸೆಕೆಂಡಿಗೆ 20 ಮಿಮೀ ವೇಗದಲ್ಲಿ ಬೆಣ್ಣೆಯಂತೆ ಓಡಿತು. 150ಕ್ಕೆ ಏರಿಸಿದರೆ ಪ್ರಿಂಟ್ ಪದರ ಪಕ್ಕಕ್ಕೆ ಜಾರುತ್ತದೆ. ಒಮ್ಮೆ 0.8 ಮಿಮೀ, ಒಮ್ಮೆ 1.6, ಮತ್ತೆ 0.8. ಬೆಲ್ಟ್ ಬಿಗಿ ಮಾಡಿದ್ದಾಯಿತು, ಪುಲ್ಲಿಯ ಸ್ಕ್ರೂ ಬಿಗಿ ಮಾಡಿದ್ದಾಯಿತು, ಆಕ್ಸಲರೇಶನ್ ಅರ್ಧಕ್ಕೆ ಇಳಿಸಿದ್ದಾಯಿತು. ಆ 0.8 ಕಂಡಾಗಲೇ ತಲೆ ಓಡಬೇಕಿತ್ತು. ಈ ಮೋಟಾರಿನ ರೋಟರಿಗೆ 50 ಹಲ್ಲು, ಸುತ್ತಿಗೆ 200 ಸ್ಟೆಪ್. ನಾಲ್ಕು ಸ್ಟೆಪ್‌ಗೆ ಕಾಯಿಲ್‌ಗಳ ಒಂದು ಆವರ್ತ ಮುಗಿಯುತ್ತದೆ. ಬಲ ಸಾಲದೆ ಹಿಂದೆ ಬಿದ್ದ ರೋಟರ್ ಮತ್ತೆ ಹಿಡಿತಕ್ಕೆ ಸಿಗುವುದು ನಾಲ್ಕು ಸ್ಟೆಪ್ ಆಚೆ, ಅಂದರೆ 7.2 ಡಿಗ್ರಿ. 2 ಮಿಮೀ ಪಿಚ್‌ನ 20 ಹಲ್ಲಿನ ಪುಲ್ಲಿ ಸುತ್ತಿಗೆ 40 ಮಿಮೀ ಎಳೆಯುತ್ತದೆ, 7.2 ಡಿಗ್ರಿಗೆ ಲೆಕ್ಕ ಹಾಕಿ, ಸರಿಯಾಗಿ 0.8. ಪುಲ್ಲಿ ಸಡಿಲವಾಗಿದ್ದರೆ ಜಾರುವಿಕೆ ಹೀಗೆ ಲೆಕ್ಕವಿಟ್ಟು ಬರುವುದಿಲ್ಲ. ಸ್ಟೆಪ್ ತಪ್ಪಿದ್ದು ಯಂತ್ರಕ್ಕೆ ಗೊತ್ತೂ ಆಗುವುದಿಲ್ಲ, ಶಾಫ್ಟ್ ಎಲ್ಲಿದೆ ಎಂದು ಅಳೆದು ಹೇಳುವ ಎನ್‌ಕೋಡರ್ ಇಲ್ಲವಲ್ಲ.

ಮಾರಿದವನ ಮೊದಲ ಉತ್ತರ: 'ಸರ್, ನೆಮಾ 17 ಎಲ್ಲಾ ಒಂದೇ.' ಎರಡನೆಯದು: 'ನಿಮ್ಮ ಡ್ರೈವರ್ ವೀಕ್ ಇರಬೇಕು. ನಮ್ಮಲ್ಲಿ ಒಳ್ಳೇದಿದೆ, ಕಳಿಸಲಾ?' ಡ್ರೈವರ್ ಅಂದರೆ ಮೋಟಾರಿಗೆ ಕರೆಂಟ್ ಅಳೆದು ಕೊಡುವ ಸರ್ಕ್ಯೂಟ್. ಹೇಳಲು ನಾಚಿಕೆ, ಅದನ್ನೂ ತರಿಸಿದೆ. ಏನೂ ಬದಲಾಗಲಿಲ್ಲ. ಮೂರನೆಯದು ಒಂದು ವಿಡಿಯೋ: ಕರೆಂಟ್ ಕೊಟ್ಟ ಮೋಟಾರಿನ ಶಾಫ್ಟನ್ನು ಇಕ್ಕಳದಲ್ಲಿ ತಿರುಗಿಸಲು ಹೋಗುತ್ತಾನೆ, ಜಗ್ಗುವುದಿಲ್ಲ. 'ನೋಡಿ ಸರ್ ಪವರ್!'

ವಿಡಿಯೋ ಸುಳ್ಳಲ್ಲ. ಅದೇ ಹೊಟ್ಟೆ ಉರಿಸುವ ವಿಷಯ. ನಿಂತ ಮೋಟಾರ್ ತೋರಿಸುವುದು ಹೋಲ್ಡಿಂಗ್ ಟಾರ್ಕ್, ಅಂದರೆ ನಿಂತಲ್ಲೇ ಹಿಡಿದಿಡುವ ತಿರುಚು ಬಲ, ಓಡುವಾಗಿನ ಬಲ ಅಲ್ಲ.

ಕೊನೆಗೆ ಮೀಟರ್ ಇಟ್ಟೆ. ಒಂದು ಕಾಯಿಲ್ 30.2 ಓಮ್. ಇನ್ನೊಂದು 30.4. ಪ್ರೋಬ್ ಸರಿಯಿಲ್ಲವೇನೋ ಎಂದು ಮತ್ತೆ ಇಟ್ಟೆ. 30. ಎರಡನೇ ಮೋಟಾರ್, ಅದೂ 30. ಇದು 12 ವೋಲ್ಟ್, 0.4 ಆಂಪಿಯರ್ ಮೋಟಾರ್!

ವ್ಯತ್ಯಾಸ ಎಲ್ಲಿ ಹೊಡೆಯುತ್ತದೆ ನೋಡಿ. 1.5 ಓಮ್ ಕಾಯಿಲ್‌ಗೆ 1.7 ಆಂಪಿಯರ್ ಹರಿಸಲು ಬೇಕಾದ್ದು ಬರೀ 2.55 ವೋಲ್ಟ್. ಸಪ್ಲೈ 12 ವೋಲ್ಟ್. ಹೆಚ್ಚುವರಿ ವೋಲ್ಟೇಜ್ ಕರೆಂಟನ್ನು ಸರ್ರನೆ ಏರಿಸುತ್ತದೆ, ಮಿತಿ ಮುಟ್ಟಿದಾಗ ಡ್ರೈವರ್ ಕತ್ತರಿಸಿ ಹಿಡಿಯುತ್ತದೆ. 30 ಓಮ್ ಕಾಯಿಲ್‌ಗೆ ಅದೇ 12 ವೋಲ್ಟ್ ಕೊಟ್ಟರೆ ಹೆಚ್ಚೆಂದರೆ 0.4 ಆಂಪಿಯರ್, ಅದೂ ನಿಧಾನಕ್ಕೆ. ಸುತ್ತುಗಳು ಜಾಸ್ತಿ, ಇಂಡಕ್ಟೆನ್ಸ್ (ಕರೆಂಟ್ ಥಟ್ಟನೆ ಏರದಂತೆ ತಡೆಯುವ ಗುಣ) 10 ಪಟ್ಟಿಗೂ ಹೆಚ್ಚು. ಸೆಕೆಂಡಿಗೆ 150 ಮಿಮೀ ಅಂದರೆ ನಿಮಿಷಕ್ಕೆ 225 ಸುತ್ತು, ಸೆಕೆಂಡಿಗೆ 750 ಸ್ಟೆಪ್. ಕರೆಂಟ್ ಏರುವಷ್ಟರಲ್ಲಿ ಮುಂದಿನ ಸ್ಟೆಪ್ ಬಂದಿರುತ್ತದೆ. ಡ್ರೈವರಿನ ಪಾಟ್ (ಕರೆಂಟ್ ಮಿತಿ ಹೊಂದಿಸುವ ಪುಟ್ಟ ತಿರುಪು) ತಿರುಗಿಸಿ ತಿರುಗಿಸಿ ಸೋತದ್ದೇಕೆ ಎಂದು ಆಗ ಅರ್ಥವಾಯಿತು. ಇಲ್ಲದ ಕರೆಂಟನ್ನು ಪಾಟ್ ಎಲ್ಲಿಂದ ತಂದೀತು?

ಉಗುರಿನಲ್ಲಿ ಸ್ಟಿಕ್ಕರ್ ಕೆರೆದೆ. ಕೆಳಗೆ ಇನ್ನೊಂದು ಸ್ಟಿಕ್ಕರ್. 0.4 ಎ. ಫೋಟೋ ಕಳಿಸಿದೆ. ಉತ್ತರ: 'ಸ್ಟಿಕ್ಕರ್ ಕಿತ್ತಿದ್ದೀರಿ ಸರ್, ವಾರಂಟಿ ಹೋಯ್ತು.'

ಸ್ಟಿಕ್ಕರ್ ಕಿತ್ತದ್ದು ನಾನಂತೆ!

ಆದ್ದರಿಂದ: ಬಂದ ದಿನವೇ ಅಳೆಯಿರಿ. ಎರಡು ವೈರ್ ತುದಿ ಮುಟ್ಟಿಸಿ ಶಾಫ್ಟ್ ತಿರುಗಿಸಿ, ಬಿಗಿಯಾದರೆ ಅವೆರಡು ಒಂದೇ ಕಾಯಿಲ್‌ನವು. ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಓಮ್ ಕಳೆದು ಲೆಕ್ಕ ಹಾಕಿ, ಇಲ್ಲದಿದ್ದರೆ 1.5 ಕೂಡ 2 ಎಂದು ಕಾಣಬಹುದು. ಕೊಳ್ಳುವ ಮೊದಲು ಆಂಪಿಯರ್, ಓಮ್, ಇಂಡಕ್ಟೆನ್ಸ್, ಮೋಟಾರಿನ ಉದ್ದ ಬರಹದಲ್ಲಿ ಕೇಳಿ. ವೇಗಕ್ಕೆ ಟಾರ್ಕ್ ಎಷ್ಟೆಂಬ ಗ್ರಾಫ್ ಕೊಟ್ಟರೆ ಇನ್ನೂ ಒಳ್ಳೆಯದು. 'ಎಲ್ಲಾ ಒಂದೇ' ಅಂದವನ ಹತ್ತಿರ ಒಂದು ಸ್ಕ್ರೂ ಕೂಡ ಕೊಳ್ಳಬೇಡಿ. ಸಿಟ್ಟಿನಲ್ಲಿ ಪವರ್ ಇರುವಾಗಲೇ ಮೋಟಾರ್ ವೈರ್ ಕೀಳಬೇಡಿ, ಡ್ರೈವರ್ ಸುಟ್ಟುಹೋಗಬಹುದು.

ಮೋಟಾರ್ ಮೇಲೆ ನನಗೆ ಸಿಟ್ಟಿಲ್ಲ. ಸಿರಿಂಜ್ ಪಂಪಿಗೆ, ನಿಧಾನ ತಿರುಗುವ ಟರ್ನ್‌ಟೇಬಲ್‌ಗೆ 0.4 ಆಂಪಿಯರ್ ಮೋಟಾರ್ ಚೆನ್ನಾಗಿಯೇ ಒದಗುತ್ತದೆ. ಹಾಗೆಂದು ಹೇಳಿ ಮಾರಬಹುದಿತ್ತಲ್ಲ? ನಿನ್ನೆ ನೋಡಿದರೆ ಅದೇ ಫೋಟೋ, ಅದೇ 1.7, ಇನ್ನೂ ಮಾರಾಟಕ್ಕಿದೆ.