ಮಕ್ಕಳ ಜೊತೆ ಮೊದಲ ಕ್ರೂಸ್: ಬುಕಿಂಗ್‌ನಲ್ಲಿ ಎಡವುವುದೆಲ್ಲಿ

ಕ್ರೂಸ್ ಕಂಪನಿಗಳ ವೆಬ್‌ಸೈಟ್ ತೆರೆದ ಕೂಡಲೇ ಕೇಳುವುದು ಎಲ್ಲಿಗೆ, ಯಾವಾಗ ಎಂದು. ಮಕ್ಕಳಿರುವವರು ಅದಕ್ಕೆ ಉತ್ತರ ಕೊಡುವ ಮುಂಚೆ ಯಾವ ಹಡಗು ಅನ್ನುವುದನ್ನು ತೀರ್ಮಾನಿಸಿಕೊಂಡಿರಬೇಕು. ಏಳು ರಾತ್ರಿಯ ಪ್ರವಾಸ ಅಂದರೆ ಸಾಮಾನ್ಯವಾಗಿ ಮೂರೋ ನಾಲ್ಕೋ ಬಂದರು, ಒಂದೊಂದರಲ್ಲೂ ಕೆಲವೇ ಗಂಟೆ. ಮಿಕ್ಕ ಹೊತ್ತೆಲ್ಲ ಹಡಗಿನಲ್ಲೇ ಕಳೆಯಬೇಕು. ಒಂದೇ ಕಂಪನಿಯ ಎರಡು ಹಡಗುಗಳಿಗೂ ಅಜಗಜಾಂತರ ಇರುತ್ತದೆ. ರಾಯಲ್ ಕೆರಿಬಿಯನ್‌ನ ಐಕಾನ್ ಆಫ್ ದಿ ಸೀಸ್ 2024ರ ಜನವರಿಯಲ್ಲಿ ಓಡಾಟ ಶುರು ಮಾಡಿದ ಹಡಗು. ಆರು ಜಾರುಬಂಡಿಗಳ ವಾಟರ್ ಪಾರ್ಕ್, ಚಿಕ್ಕ ಮಕ್ಕಳ ಸಂಸಾರಗಳಿಗೆಂದೇ ಸರ್ಫ್‌ಸೈಡ್ ಎಂಬ ಪ್ರತ್ಯೇಕ ಜಾಗ ಎರಡೂ ಅದರಲ್ಲಿವೆ. ಅದೇ ಕಂಪನಿಯ, 1990ರ ದಶಕದ ವಿಷನ್ ದರ್ಜೆಯ ಹಡಗುಗಳಲ್ಲಿ ಅಂಥದ್ದೇನೂ ಸಿಗುವುದಿಲ್ಲ. ಜಾಹೀರಾತಿನ ಫೋಟೋ ಒಂದು ಹಡಗಿನದು, ಅಗ್ಗದ ದರ ಇನ್ನೊಂದರದು ಆಗಿರುವುದು ಮಾಮೂಲು. ಹಡಗಿನ ಹೆಸರು ಹಾಕಿ ಅದರ ಡೆಕ್ ಪ್ಲ್ಯಾನ್, ಅಂದರೆ ಅಂತಸ್ತುಗಳ ನಕ್ಷೆ, ನೋಡದೆ ಮುಂದಕ್ಕೆ ಹೋಗಬೇಡಿ. ವರ್ಜಿನ್ ವಾಯೇಜಸ್ ಮತ್ತು ವೈಕಿಂಗ್ ಕಂಪನಿಗಳು 18 ತುಂಬದವರನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಅವೆರಡನ್ನೂ ಪಟ್ಟಿಯಿಂದ ತೆಗೆದುಬಿಡಿ.

ಮನೆಯಲ್ಲಿ ಎಂಟು ವರ್ಷದ ಮಗು, ಹದಿನೈದರ ಮಗ ಇಬ್ಬರೂ ಇದ್ದರೆ ಹಡಗನ್ನು ದೊಡ್ಡವನಿಗೆ ನೋಡಿ ಆರಿಸಿ. ಎಂಟರ ಮಗು ನೀರು, ಐಸ್‌ಕ್ರೀಮ್, ಆಟವಾಡಲು ಜೊತೆ ಸಿಕ್ಕರೆ ಯಾವ ಹಡಗಿನಲ್ಲೂ ಖುಷಿಯಾಗಿರುತ್ತದೆ. ಹದಿನೈದರವನಿಗೆ ಸರಿಹೊಂದದಿದ್ದರೆ ಅವನು ಕ್ಯಾಬಿನ್ ಬಿಟ್ಟು ಹೊರಗೆ ಬರುವುದಿಲ್ಲ, ಮನೆಮಂದಿಯ ರಜೆಯೂ ಕೆಡುತ್ತದೆ. ಇಲ್ಲಿ ಹಡಗಿನಲ್ಲಿ ಮಕ್ಕಳಿಗೆಂದೇ ಇರುವ ಕ್ಲಬ್‌ಗಳ ವಯಸ್ಸಿನ ವಿಂಗಡಣೆ ನೋಡಬೇಕು. ಕಾರ್ನಿವಲ್ ಕಂಪನಿಯಲ್ಲಿ 12ರಿಂದ 14ರವರಿಗೆ ಸರ್ಕಲ್ ಸಿ, 15ರಿಂದ 17ರವರಿಗೆ ಕ್ಲಬ್ ಓ2. ಡಿಸ್ನಿಯಲ್ಲಿ ಅದಕ್ಕಿಂತ ಚಿಕ್ಕವರ ಎಜ್ ಕ್ಲಬ್ ದಾಟಿದ ಮೇಲೆ 14ರಿಂದ 17ರವರಿಗೆ ವೈಬ್. ನಾರ್ವೇಜಿಯನ್‌ನಲ್ಲಿ 13ರಿಂದ 17ರವರೆಗೆ ಎಲ್ಲರೂ ಆಂಟುರಾಜ್ ಎಂಬ ಒಂದೇ ಕ್ಲಬ್. ಹದಿಮೂರರ ಹುಡುಗಿಯನ್ನು ಹದಿನೇಳರವರ ನಡುವೆ ಕೂರಿಸುವುದಕ್ಕಿಂತ ಕಾರ್ನಿವಲ್ ಮಾಡಿರುವ ಎರಡು ಪಾಲೇ ನಮಗೆ ಒಪ್ಪಿಗೆ. ವಯಸ್ಸನ್ನು ಲೆಕ್ಕ ಹಾಕುವುದು ಪ್ರಯಾಣದ ದಿನಾಂಕಕ್ಕೆ, ಬುಕ್ ಮಾಡಿದ ದಿನಕ್ಕಲ್ಲ. ಅಣ್ಣ ತಮ್ಮ ಒಂದೇ ಗುಂಪಿನಲ್ಲಿರಲಿ ಎಂದು ಕೇಳಿಕೊಂಡರೂ ಬಹುತೇಕ ಒಪ್ಪುವುದಿಲ್ಲ. ದೊಡ್ಡ ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಿಡಿ: ಮೊದಲ ರಾತ್ರಿ ಕ್ಲಬ್‌ನಲ್ಲಿ ನಡೆಯುವ ಪರಿಚಯದ ಕೂಟ ತಪ್ಪಿಸಬೇಡಿ ಅಂತ. ಗೆಳೆತನದ ಗುಂಪುಗಳು ಅಲ್ಲೇ ಕಟ್ಟಿಕೊಳ್ಳುತ್ತವೆ. ಮೂರನೇ ದಿನ ಹೋದವರು ಒಂದು ಮೂಲೆಯಲ್ಲಿ ಫೋನ್ ಹಿಡಿದು ಕೂರುವ ಹಾಗಾಗುತ್ತದೆ.

ತೀರ ಚಿಕ್ಕವರ ವಿಷಯದಲ್ಲಿ ನಿಯಮ ಬಿಗಿ. ಹೆಚ್ಚಿನ ಹಡಗುಗಳಲ್ಲಿ ಮಗುವಿಗೆ ಕನಿಷ್ಠ 6 ತಿಂಗಳಾಗಿರಬೇಕು, ಸಾಗರ ದಾಟುವಂಥ, ಸತತವಾಗಿ ಮೂರು ನಾಲ್ಕು ದಿನ ನೀರಿನಲ್ಲೇ ಇರುವ ಪ್ರವಾಸವಾದರೆ 12 ತಿಂಗಳು. ಉಚಿತ ಕಿಡ್ಸ್ ಕ್ಲಬ್ ಸಾಮಾನ್ಯವಾಗಿ 3 ವರ್ಷ ತುಂಬಿದವರಿಗೆ, ಅದೂ ಡೈಪರ್ ಬಿಟ್ಟವರಿಗೆ. ಕಾರ್ನಿವಲ್ 2 ವರ್ಷದವರನ್ನೂ ಸೇರಿಸಿಕೊಳ್ಳುತ್ತದೆ. ಡಿಸ್ನಿಯ ನರ್ಸರಿ 6 ತಿಂಗಳ ಕೂಸನ್ನೂ ನೋಡಿಕೊಳ್ಳುತ್ತದೆ, ಆದರೆ ಗಂಟೆಯ ಲೆಕ್ಕದಲ್ಲಿ ದುಡ್ಡು, ಜಾಗವೂ ಕಮ್ಮಿ. ಡೈಪರ್ ಹಾಕಿದ ಮಗುವನ್ನು, ಈಜಿನ ಡೈಪರೇ ಆಗಿದ್ದರೂ, ದೊಡ್ಡ ಈಜುಕೊಳಕ್ಕೆ ಇಳಿಸುವ ಹಾಗಿಲ್ಲ. ಅವರಿಗೆಂದೇ ಮಾಡಿದ ಚಿಲುಮೆಯ ಜಾಗ ಎಲ್ಲ ಹಡಗಿನಲ್ಲೂ ಇರುವುದಿಲ್ಲ, ಇದನ್ನೂ ವಿಚಾರಿಸಿಕೊಳ್ಳಬೇಕು. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಮಕ್ಕಳ ಎತ್ತರವನ್ನೂ ಅಳೆದುಕೊಳ್ಳಿ. ರಾಯಲ್ ಕೆರಿಬಿಯನ್‌ನ ಫ್ಲೋರೈಡರ್ ಅಲೆಯಂತ್ರದಲ್ಲಿ ಮಲಗಿ ಜಾರಲು 52 ಇಂಚು, ನಿಂತು ಜಾರಲು 58 ಇಂಚು ಇರಬೇಕು. ಅಳತೆಕೋಲಿನ ಮುಂದೆ ನಿಂತ ಮಗು ಎಷ್ಟು ಅತ್ತರೂ ಬಿಡುವುದಿಲ್ಲ.

ಇನ್ನು ಕ್ಯಾಬಿನ್. ಹೆಚ್ಚು ಜನ ಬೇಸ್ತು ಬೀಳುವುದು ಇಲ್ಲೇ.

ಸರ್ಚ್ ಪೆಟ್ಟಿಗೆಯಲ್ಲಿ ಮೊದಲೇ ತುಂಬಿರುವ ಸಂಖ್ಯೆ 2. ಅದನ್ನು ಬದಲಿಸದೆ ಕಂಡ ದರಕ್ಕೆ ಮನಸೋಲಬೇಡಿ. ಮೊದಲ ಹುಡುಕಾಟದಲ್ಲೇ ಕೈಗೂಸಿನಿಂದ ಹಿಡಿದು ಎಲ್ಲ ತಲೆಗಳನ್ನೂ ಹಾಕಿ. ಮೂರನೆಯವರನ್ನು ಆಮೇಲೆ ಸೇರಿಸಿದರಾಯಿತು ಎಂದುಕೊಂಡರೆ ಕ್ಯಾಬಿನ್‌ನಲ್ಲಿ ಮಂಚ ಖಾಲಿ ಇದ್ದರೂ ಆಗದೇ ಹೋಗಬಹುದು. ಹಡಗಿನ ಪ್ರತಿ ಭಾಗಕ್ಕೂ ಇಷ್ಟೇ ಜನ ಎಂದು ಲೈಫ್‌ಬೋಟ್ ಲೆಕ್ಕ ಇರುತ್ತದೆ. ಆ ಲೆಕ್ಕ ಭರ್ತಿಯಾದರೆ ಸಿಸ್ಟಮ್ ಇನ್ನೊಂದು ಹೆಸರನ್ನು ತೆಗೆದುಕೊಳ್ಳುವುದಿಲ್ಲ. ನಾಲ್ವರ ಕ್ಯಾಬಿನ್‌ಗಳ ಸಂಖ್ಯೆಯೂ ಕಮ್ಮಿ, ಶಾಲೆ ರಜೆಯ ವಾರಗಳಲ್ಲಿ ಅವೇ ಮೊದಲು ಹೋಗಿಬಿಡುತ್ತವೆ. ಕೊನೆ ಗಳಿಗೆಯ ರಿಯಾಯಿತಿ ಎಂಬುದೆಲ್ಲ ಇಬ್ಬರೇ ಹೋಗುವವರಿಗೆ. ಐದು ಜನವಾದರಂತೂ ವರ್ಷ ಮುಂಚೆ ಹುಡುಕುವುದು ಅತಿಯಲ್ಲ.

ನಾಲ್ವರ ಕ್ಯಾಬಿನ್ ಅಂದರೆ ಏನು ಸಿಗುತ್ತದೆ? ಅಪ್ಪ ಅಮ್ಮನಿಗೆ ಒಂದು ಮಂಚ, ಬಿಚ್ಚಿದರೆ ಹಾಸಿಗೆಯಾಗುವ ಒಂದು ಸೋಫಾ, ಚಾವಣಿಯಿಂದಲೋ ಗೋಡೆಯಿಂದಲೋ ಇಳಿಯುವ ಒಂದು ಬಂಕ್. ಎಲ್ಲರೂ ಊಟಕ್ಕೆ ಹೋದಾಗ ಕ್ಯಾಬಿನ್ ನೋಡಿಕೊಳ್ಳುವವರು ಬಂದು ಬಂಕ್ ಇಳಿಸಿ ಏಣಿ ಸಿಕ್ಕಿಸಿ ಹೋಗುತ್ತಾರೆ. ವಾಪಸ್ ಬಂದು ನೋಡಿದರೆ ನಡೆಯಲು ಒಂದಡಿ ಜಾಗ. ಸೋಫಾ ಬಿಚ್ಚಿದ ಮೇಲೆ ಬಾಲ್ಕನಿಯ ಬಾಗಿಲಿಗೆ ಹೋಗಬೇಕಾದರೆ ಹಾಸಿಗೆ ದಾಟಬೇಕು, ರಾತ್ರಿ ಶೌಚಕ್ಕೆ ಎದ್ದವರು ಏಣಿಗೆ ಕಾಲು ತಾಗಿಸದೆ ಹೋಗುವುದು ಕಷ್ಟ. ತೊಟ್ಟಿಲು ಬೇಕಿದ್ದರೆ ಬುಕ್ ಮಾಡುವಾಗಲೇ ಕೇಳಿಡಿ, ಆದರೆ ಅದು ಉಳಿದ ಆ ಒಂದಡಿಯನ್ನೂ ತಿನ್ನುತ್ತದೆ. ಡಿಸ್ನಿಯ ಬಹುತೇಕ ಕ್ಯಾಬಿನ್‌ಗಳಲ್ಲಿ ಶೌಚ ಒಂದು ಕಡೆ, ಸ್ನಾನ ಇನ್ನೊಂದು ಕಡೆ, ಎರಡರಲ್ಲೂ ಸಿಂಕ್. ಬೆಳಗಿನ ನೂಕುನುಗ್ಗಲಿಗೆ ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಯಾವ ಕಂಪನಿಯೂ ಮಾಡಿಲ್ಲ ಎಂದೇ ಹೇಳಬೇಕು.

ಮಕ್ಕಳು ಬೆಳೆದಿದ್ದರೆ ಒಂದು ಬಾಲ್ಕನಿ ಕ್ಯಾಬಿನ್‌ನ ದರದ ಪಕ್ಕದಲ್ಲಿ, ನಡುವೆ ಬಾಗಿಲಿರುವ, ಕಿಟಕಿಯಿಲ್ಲದ ಎರಡು ಒಳ ಕ್ಯಾಬಿನ್‌ಗಳ ದರವನ್ನೂ ಇಟ್ಟು ನೋಡಿ. ಎಷ್ಟೋ ಸಲ ವ್ಯತ್ಯಾಸ ಅಷ್ಟೇನೂ ಇರುವುದಿಲ್ಲ, ಬಾತ್‌ರೂಮ್ ಎರಡು ಸಿಗುತ್ತವೆ. ಆದರೆ ಪ್ರತಿ ಕ್ಯಾಬಿನ್‌ಗೂ 21 ಅಥವಾ 25 ದಾಟಿದ ಒಬ್ಬರು ಇರಬೇಕೆಂಬ ನಿಯಮ ಹಲವು ಕಂಪನಿಗಳದು. ಹೆತ್ತವರ ಪಕ್ಕದ ಅಥವಾ ಎದುರಿನ ಕ್ಯಾಬಿನ್ ಆದರೆ ಕೆಲವರು ಸಡಿಲಿಸುತ್ತಾರೆ. ಇಲ್ಲವಾದರೆ ಕಾಗದದ ಮೇಲೆ ಒಂದರಲ್ಲಿ ಅಪ್ಪ, ಒಂದರಲ್ಲಿ ಅಮ್ಮ ಎಂದು ಬುಕ್ ಮಾಡಿ, ಹಡಗು ಹತ್ತಿದ ಮೇಲೆ ಕೌಂಟರ್‌ನಲ್ಲಿ ಹೆಚ್ಚುವರಿ ಕೀ ಕಾರ್ಡ್ ಮಾಡಿಸಿಕೊಳ್ಳುವುದು ರೂಢಿ. ಎರಡು ಕ್ಯಾಬಿನ್ ತೆಗೆದುಕೊಳ್ಳುವವರು ‘ಗ್ಯಾರಂಟಿ’ ದರದ ತಂಟೆಗೆ ಹೋಗಬಾರದು. ಅದರಲ್ಲಿ ಕ್ಯಾಬಿನ್ ನಂಬರ್ ಕೊಡುವುದು ಕಂಪನಿ, ಒಂದು ಮುಂದಿನ ತುದಿಗೆ, ಇನ್ನೊಂದು ಮೂರು ಡೆಕ್ ಕೆಳಗೆ ಬಿದ್ದರೂ ಕೇಳುವಂತಿಲ್ಲ.

ನಂಬರ್ ಆರಿಸುವಾಗ ಮೇಲಿನ, ಕೆಳಗಿನ ಡೆಕ್ ಎರಡನ್ನೂ ತೆರೆದಿಟ್ಟುಕೊಳ್ಳಿ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇದ್ದರೆ ನೆಮ್ಮದಿ. ಈಜುಕೊಳದ ಡೆಕ್‌ನ ನೇರ ಕೆಳಗಾದರೆ ನಸುಕಿನಲ್ಲೇ ಕುರ್ಚಿ ಎಳೆದಾಡುವ ಸದ್ದು, ಥಿಯೇಟರ್ ಅಥವಾ ನೈಟ್ ಕ್ಲಬ್‌ನ ಮೇಲಾದರೆ ನಡುರಾತ್ರಿಯವರೆಗೆ ಡಬಡಬ. ಕೆಳ ಡೆಕ್‌ನ ಮುಂದಿನ ತುದಿಯಲ್ಲಿ ಹಡಗು ಬಂದರಿಗೆ ಸೇರುವ ಹೊತ್ತಿಗೆ ಅದನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್ ಯಂತ್ರಗಳು ಗುಡುಗುತ್ತವೆ. ತಲೆಸುತ್ತು, ವಾಂತಿಯ ಭಯವಿರುವವರಿಗೆ ಹಡಗಿನ ನಡುಭಾಗ, ತಗ್ಗಿನ ಡೆಕ್ ಒಳ್ಳೆಯದು, ತೂಗಾಟ ಅಲ್ಲಿ ಕಮ್ಮಿ. ನಡುವೆ ಬಾಗಿಲಿರುವ ಕ್ಯಾಬಿನ್ ನಿಮ್ಮವರಿಗೇ ಸಿಕ್ಕರೆ ಸರಿ, ಆಚೆ ಬದಿ ಬೇರೆಯವರಿದ್ದರೆ ಅವರ ಮಾತೆಲ್ಲ ಕೇಳಿಸುತ್ತದೆ.

ದರದ ಪುಟದಲ್ಲಿ ದೊಡ್ಡಕ್ಷರದಲ್ಲಿ ಇರುವುದು ಇಬ್ಬರಿರುವ ಕ್ಯಾಬಿನ್‌ನಲ್ಲಿ ಒಬ್ಬರಿಗೆ ಎಷ್ಟು ಎಂಬುದು. ಮೂರನೆಯ, ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಮ್ಮಿ. ಮಕ್ಕಳಿಗೆ ಉಚಿತ ಎಂದು ಎಂಎಸ್‌ಸಿಯಂಥ ಕಂಪನಿಗಳು ಕೊಡುವ ಕೊಡುಗೆ ನಿಜವೇ, ಆದರೆ ಮಗು ಇಬ್ಬರು ದೊಡ್ಡವರ ಕ್ಯಾಬಿನ್‌ನಲ್ಲೇ ಇರಬೇಕು, ತೆರಿಗೆ ಮತ್ತು ಬಂದರು ಶುಲ್ಕ ಕಟ್ಟಲೇಬೇಕು. ಇದರ ಮೇಲೆ ದಿನಕ್ಕೆ ತಲೆಗಿಷ್ಟು ಎಂದು ಟಿಪ್ಸ್, ಬಹಳ ಕಡೆ ಮಕ್ಕಳಿಗೂ ಸೇರಿ. ವೈಫೈ ಲೆಕ್ಕ ಫೋನ್ ಲೆಕ್ಕ, ಮನೆ ಲೆಕ್ಕವಲ್ಲ. ಮದ್ಯದ ಪ್ಯಾಕೇಜ್ ಒಬ್ಬರು ತೆಗೆದುಕೊಂಡರೆ ಅದೇ ಕ್ಯಾಬಿನ್‌ನ ಇನ್ನೊಬ್ಬ ದೊಡ್ಡವರೂ ತೆಗೆದುಕೊಳ್ಳಬೇಕು ಎನ್ನುವ ಕಂಪನಿಗಳಿವೆ. ರಾತ್ರಿ ಹತ್ತರ ನಂತರ ಕಿಡ್ಸ್ ಕ್ಲಬ್‌ಗೂ ಹಲವು ಕಡೆ ಗಂಟೆಗಿಷ್ಟು ಎಂದು ದುಡ್ಡು. ಇವನ್ನೆಲ್ಲ ಕೂಡಿಸಿ ಆದ ಮೊತ್ತವನ್ನೇ ಬೇರೆ ಹಡಗಿನ ಮೊತ್ತಕ್ಕೆ ಹೋಲಿಸಿ. ಒಂದೇ ಕ್ಯಾಬಿನ್‌ಗೆ ಎರಡು ದರ ಕಂಡರೆ ಸಾಮಾನ್ಯವಾಗಿ ಅಗ್ಗದ್ದರಲ್ಲಿ ಮುಂಗಡ ವಾಪಸ್ ಬರುವುದಿಲ್ಲ ಎಂದರ್ಥ. ಪೂರ್ತಿ ಹಣದ ಗಡುವು ಸಾಮಾನ್ಯವಾಗಿ ಹೊರಡುವುದಕ್ಕೆ ಎರಡೂವರೆಯಿಂದ ನಾಲ್ಕು ತಿಂಗಳು ಮುಂಚೆ ಬರುತ್ತದೆ. ಅಷ್ಟರೊಳಗೆ ದರ ಇಳಿದರೆ ಕೇಳಿ ಇಳಿಸಿಕೊಳ್ಳಬಹುದು, ಗಡುವು ದಾಟಿದ ಮೇಲೆ ರದ್ದು ಮಾಡಿದರೆ ದಂಡ ಏರುತ್ತಾ ಹೋಗುತ್ತದೆ. ಇನ್ಶೂರೆನ್ಸ್ ಮುಂಗಡ ಕಟ್ಟಿದ ದಿನವೇ ಮಾಡಿಸಿ. ಹಡಗಿನ ಡಾಕ್ಟರ್ ಬಿಲ್ ಬೇರೆ, ಸಮುದ್ರದಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚವೂ ಪಾಲಿಸಿಯಲ್ಲಿ ಬರಬೇಕು.

ಪಾಸ್‌ಪೋರ್ಟ್ ಪ್ರವಾಸ ಮುಗಿದ ಮೇಲೂ ಆರು ತಿಂಗಳು ಚಾಲ್ತಿಯಲ್ಲಿರಲಿ. ಹಡಗು ಒಂದು ವೀಸಾ ವಲಯದಿಂದ ಹೊರಹೋಗಿ ಮತ್ತೆ ಅಲ್ಲಿಗೇ ಬರುವುದಾದರೆ ಒಂದೇ ಪ್ರವೇಶದ ವೀಸಾ ಸಾಲದು. ಅಪ್ಪ ಅಥವಾ ಅಮ್ಮ ಒಬ್ಬರೇ ಮಕ್ಕಳನ್ನು ಕರೆದೊಯ್ಯುವಾಗ, ಅಜ್ಜ ಅಜ್ಜಿಯ ಜೊತೆ ಕಳಿಸುವಾಗ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಕೈಯಲ್ಲಿರಬೇಕು. ದಾಖಲೆ ಸಾಲದೆಂದು ದಡದಲ್ಲೇ ನಿಲ್ಲಿಸಿದರೆ ಹಣ ವಾಪಸ್ ಇಲ್ಲ. ವಿಮಾನದಲ್ಲಿ ಹೋಗುವವರು ಹಿಂದಿನ ದಿನವೇ ಬಂದರಿನ ಊರು ಸೇರಿಕೊಳ್ಳಿ.

ಹತ್ತುವ ದಿನ ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ ತಲುಪುವಾಗ ಸಂಜೆಯಾಗಿರುತ್ತದೆ. ಈಜುಡುಗೆ, ಔಷಧಿ, ಪಾಸ್‌ಪೋರ್ಟ್, ಚಾರ್ಜರ್ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ, ಕೆಟಲ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ತಪಾಸಣೆಯಲ್ಲಿ ಸಿಕ್ಕಿಬೀಳುತ್ತವೆ. ಕ್ಯಾಬಿನ್ ಗೋಡೆ ಉಕ್ಕಿನದು, ಆಯಸ್ಕಾಂತದ ನಾಲ್ಕು ಕೊಕ್ಕೆ ಇದ್ದರೆ ಒದ್ದೆ ಬಟ್ಟೆ ನೇತುಹಾಕಬಹುದು. ಸುರಕ್ಷತಾ ಕವಾಯತಿಗೆ ಮಕ್ಕಳೂ ಬರಲೇಬೇಕು. 2012ರ ಕೋಸ್ಟಾ ಕಾಂಕೋರ್ಡಿಯಾ ಹಡಗು ದುರಂತದ ನಂತರ ಅಂತರರಾಷ್ಟ್ರೀಯ ನಿಯಮ ಬದಲಾಗಿ, 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಇದನ್ನು ಮಾಡಿಸುತ್ತಾರೆ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೇಳಿಯೇ ತರಿಸಿಕೊಳ್ಳಿ. ದಡ ಬಿಟ್ಟ ಕ್ಷಣ ಎಲ್ಲರ ಫೋನ್ ಏರೋಪ್ಲೇನ್ ಮೋಡ್‌ಗೆ ಹೋಗಬೇಕು. ಇಲ್ಲವಾದರೆ ಹಡಗಿನ ಮೊಬೈಲ್ ನೆಟ್‌ವರ್ಕ್ ಹಿಡಿದುಕೊಂಡು ರೋಮಿಂಗ್ ಬಿಲ್ ಬೆಳೆಯುತ್ತದೆ. ಊಟಕ್ಕೆ ಮೊದಲು ಸೋಪು ನೀರಿನಲ್ಲೇ ಕೈ ತೊಳೆಸಿ, ಹಡಗುಗಳಲ್ಲಿ ಹರಡುವ, ವಾಂತಿ ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಬಂದರಿನ ಸುತ್ತಾಟವನ್ನು ಹೊರಗಿನವರ ಹತ್ತಿರ ಬುಕ್ ಮಾಡಿದರೆ ನಾಲ್ಕು ಜನಕ್ಕೆ ಚೆನ್ನಾಗಿಯೇ ಉಳಿಯುತ್ತದೆ. ಆದರೆ ಹಡಗಿನವರು ಏರ್ಪಡಿಸಿದ ಬಸ್ ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ. ದೂರದ ಜಾಗಕ್ಕೆ ಹಡಗಿನವರದು, ನಡೆದು ಮುಟ್ಟುವ ಕಡಲತೀರಕ್ಕೆ ನಿಮ್ಮದೇ ವ್ಯವಸ್ಥೆ, ಇದು ಸರಿಯಾದ ಹಂಚಿಕೆ. ವಾಪಸ್ ಬರುವ ಗಡುವು ಹಡಗಿನ ಗಡಿಯಾರದ್ದು, ಊರಿನದಲ್ಲ. ಮಕ್ಕಳ ಫೋನ್ ದಡಕ್ಕೆ ಇಳಿದ ಕೂಡಲೇ ತಾನೇ ಸಮಯ ಬದಲಿಸಿಕೊಳ್ಳುತ್ತದೆ, ಹಾಗಾಗಿ ಒಬ್ಬರಾದರೂ ಕೈಗಡಿಯಾರ ಕಟ್ಟಿರಿ. ಹಡಗು ದೂರದಲ್ಲೇ ನಿಂತು ಸಣ್ಣ ದೋಣಿಯಲ್ಲಿ ದಡಕ್ಕೆ ಒಯ್ಯುವ ಬಂದರುಗಳಲ್ಲಿ ತಳ್ಳುಗಾಡಿ ಮಡಚಿ ಎತ್ತಿಕೊಳ್ಳಬೇಕು, ಗಾಳಿ ಜೋರಾದರೆ ಆ ಬಂದರೇ ರದ್ದು.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲಾಚೆ ಇಡಿಸುತ್ತಾರೆ. ಬೆಳಿಗ್ಗೆ ಹಾಕಿಕೊಳ್ಳುವ ಬಟ್ಟೆ, ಚಪ್ಪಲಿಯನ್ನೂ ಒಳಗೆ ತುಂಬಿ ಕಳಿಸಿಬಿಟ್ಟವರು ರಾತ್ರಿ ಉಡುಪಿನಲ್ಲೇ ಇಳಿಯಬೇಕಾಗುತ್ತದೆ. ನಿಮ್ಮ ಪೆಟ್ಟಿಗೆ ನೀವೇ ಹೊತ್ತುಕೊಂಡು ಇಳಿಯುವ ಆಯ್ಕೆಯೂ ಉಂಟು, ಎಲ್ಲರಿಗಿಂತ ಮೊದಲು ಹೊರಗೆ ಬರಬಹುದು. ಹದಿನೈದರವನನ್ನು ಜೊತೆಗೆ ಕರೆತಂದಿದ್ದಕ್ಕೆ ಇಲ್ಲಿ ಕೆಲಸ ಸಿಗುತ್ತದೆ.